ಕುದುರೆಯ ಕಾಲುನೋವು

‘ಕುದುರೆಯನ್ನು ಕಂಡರೆ ಕಾಲುನೋವು’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ನಡೆಯಬಲ್ಲವನಿಗೂ ವಾಹನ ಕಣ್ಣಿಗೆ ಬಿದ್ದೊಡನೆ ಕಾಲು ಸೋತಂತಾಗುತ್ತದೆಂಬ ವಿನೋದ ಅದರಲ್ಲಿದೆ. ಆದರೆ ಆ ಗಾದೆಯನ್ನು ಕಟ್ಟಿದ ಜಾಣನು ಸವಾರನ ಕಾಲನ್ನಷ್ಟೇ ಕಂಡನು. ಕುದುರೆಯ ಕಾಲುನೋವನ್ನು ಕುರಿತು ಒಂದು ಮಾತನ್ನೂ ಆಡಲಿಲ್ಲ. ಅವನು ಬಿಟ್ಟುಹೋದ ಆ ಮಾತನ್ನು ಇಂದು ನಾನು ಆಡಬೇಕೆಂದಿದ್ದೇನೆ. ಕುದುರೆಯ ಗೊರಸಿಗೆ ತೊಡಿಸುವ ಬೂಟನ್ನೂ, ಅದನ್ನು ಏರುವವನು ತಾನು ತೊಡಬೇಕಾದ ಉಡುಗೆ ಸಲಕರಣೆಗಳನ್ನೂ ಆರಿಸುವುದು ಹೇಗೆ ಎಂಬುದು ವಿಷಯ. ಜೀವಮಾನವೆಲ್ಲ ಕನ್ನಡ ಪಾಠ ಹೇಳಿದವನಿಗೆ ಇದು ಎಲ್ಲಿಂದ ಬಂತು ಎಂದು ತಾವು ಕೇಳಬಹುದು. ನಾನು ಹುಟ್ಟಿದ್ದು ಅಫಜಲಪುರ ತಾಲೂಕಿನಲ್ಲಿ, ಭೀಮಾ ನದಿಯ ದಂಡೆಯ ಒಂದು ಹಳ್ಳಿಯಲ್ಲಿ. ಓದು ಬರೆಹಕ್ಕಿಂತ ಮೊದಲು ನನಗೆ ಪರಿಚಯವಾದದ್ದು ಕೊಟ್ಟಿಗೆಯ ವಾಸನೆ.

ನಮ್ಮ ಸೀಮೆಗೂ ಕುದುರೆಗೂ ಇರುವ ನಂಟು ಹಳೆಯದು. ಆಳಂದಕ್ಕೆ ಈಶಾನ್ಯದ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಕುದುರೆಯೇರಿ ಚೆಂಡಾಡುವ ವಿನೋದಕ್ಕೇ ಒಂದು ಪ್ರಕರಣ ಮೀಸಲಾಗಿದೆ. ಬಹಮನಿ ಸುಲ್ತಾನರ ಕಾಲದಲ್ಲಿ, 1470ರ ಸುಮಾರಿಗೆ, ಅಫನಾಸಿ ನಿಕಿತಿನ್ ಎಂಬ ರಷ್ಯದ ವರ್ತಕನು ಒಂದೇ ಒಂದು ಕುದುರೆಯನ್ನು ಸಮುದ್ರ ದಾಟಿಸಿ ತಂದು, ಬೀದರಿನಲ್ಲಿ ಮಾರಿದನು. ಬೀದರಿನಿಂದ 12 ಹರದಾರಿಯ ದೂರದಲ್ಲಿ ಷೇಖ್ ಅಲಾವುದ್ದೀನರ ಹೆಸರಿನಲ್ಲಿ ವರ್ಷಕ್ಕೊಮ್ಮೆ 10 ದಿನ ಸಂತೆ ನೆರೆಯುತ್ತದೆ, ಅಲ್ಲಿಗೆ 20,000ದವರೆಗೆ ಕುದುರೆಗಳು ಮಾರಾಟಕ್ಕೆ ಬರುತ್ತವೆ ಎಂದು ಅವನು ತನ್ನ ಪ್ರವಾಸಕಥನದಲ್ಲಿ ಬರೆದಿಟ್ಟಿದ್ದಾನೆ. ಆ ಸ್ಥಳವನ್ನು ವಿದ್ವಾಂಸರು ಇಂದಿನ ಆಳಂದವೆಂದೇ ಗುರುತಿಸಿದ್ದಾರೆ. ಲಾಡ್ಲೆ ಮಶಾಯಿಕರೆಂದು ಜನ ಭಕ್ತಿಯಿಂದ ಕರೆಯುವ ಅಲಾವುದ್ದೀನ್ ಅನ್ಸಾರಿಯವರ ದರ್ಗಾ ಇರುವುದು ಅಲ್ಲಿಯೇ. ಈ ನಾಡಿನಲ್ಲಿ ಕುದುರೆ ಹುಟ್ಟುವುದಿಲ್ಲ ಎಂದೂ ನಿಕಿತಿನ್ ಹೇಳುತ್ತಾನೆ. ಮುಂದೆ ಮರಾಠರ ಕಾಲಕ್ಕೆ ಇದೇ ಭೀಮಾ ನದಿಯ ಮೇಲಣ ದಂಡೆಗಳಲ್ಲಿ ಬೆಳೆದ, ಗಿಡ್ಡ ಮೈಯ ಗಟ್ಟಿ ಕಾಲಿನ ತಳಿಗೆ ‘ಭೀಮಥಡಿ’ ಎಂದೇ ಹೆಸರಾಯಿತು. ಮರಾಠಿಯ ಥಡಿಯೂ ನಮ್ಮ ತಡಿಯೂ ಒಂದೇ, ನದಿಯ ದಂಡೆ. ಕನ್ನಡದಲ್ಲಿ ತಡಿ ಎಂದರೆ ಕುದುರೆಯ ಜೀನು ಎಂಬ ಅರ್ಥವೂ ಉಂಟೆಂಬುದನ್ನು ನಿಘಂಟುಪ್ರಿಯರು ನೆನೆದು ಸಂತೋಷಪಡಬಹುದು.

ಇನ್ನು ಲಾಳದ ಮಾತು. ನಮ್ಮ ಕಲಬುರಗಿಯ ಕಡೆ ಇದನ್ನು ‘ನಾಲ’ ಎನ್ನುವುದೇ ಹೆಚ್ಚು. ಅದನ್ನು ಬಡಿಯುವವನು ನಾಲಬಂದ. ಅರಬ್ಬಿಯಲ್ಲಿ ಈ ಶಬ್ದದ ಮೂಲಾರ್ಥ ಪಾದರಕ್ಷೆ ಎಂದು. ನಾಲದ ಅಕ್ಷರಗಳೇ ಹಿಂದುಮುಂದಾಗಿ ನಮ್ಮ ಲಾಳವಾಯಿತೆಂದು ನನಗೆ ತೋರುತ್ತದೆ. ಹಾಗಿದ್ದಲ್ಲಿ ಕುದುರೆಗೆ ಬೂಟು ತೊಡಿಸುವುದೆಂದು ಕೇಳಿ ನಗುವವರು ಸ್ವಲ್ಪ ತಡೆಯಬೇಕು. ಪ್ರಾಚೀನ ರೋಮನರು ಲೋಹದ ಅಟ್ಟೆಗಳನ್ನು ಬಾರಿನಿಂದ ಗೊರಸಿಗೆ ಬಿಗಿಯುತ್ತಿದ್ದರು. ಇಂಗ್ಲೆಂಡಿನಲ್ಲಿ ಹುಲ್ಲು ಕತ್ತರಿಸುವ ಯಂತ್ರವನ್ನು ಕುದುರೆ ಎಳೆಯುತ್ತಿದ್ದ ಕಾಲದಲ್ಲಿ, ಕ್ರಿಕೆಟ್ ಮೈದಾನದ ಹಸಿರು ಕೆಡಬಾರದೆಂದು ಅದಕ್ಕೆ ತೊಗಲಿನ ಬೂಟು ಹಾಕುತ್ತಿದ್ದರು. ಅಲ್ಲಿ ಕಾಳಜಿ ಹುಲ್ಲಿನದಾಗಿತ್ತೇ ಹೊರತು ಕುದುರೆಯದಲ್ಲ! ಇಂದು ನಾವು ಕಾಣುವ ರಬ್ಬರು, ಪ್ಲಾಸ್ಟಿಕ್ಕಿನ ಬೂಟು ಹುಟ್ಟಿದ್ದು 1970ರ ದಶಕದ ಸುಮಾರಿಗೆ, ಅಮೆರಿಕದಲ್ಲಿ. ಮೊಳೆಯಿಲ್ಲದೆ ತೊಡಿಸಿ, ಕೆಲಸ ಮುಗಿದೊಡನೆ ತೆಗೆದಿಡಬಹುದಾದದ್ದು ಅದರ ಗುಣ.

ಈ ಬೂಟು ನಮಗೇಕೆ ಬೇಕು ಎಂಬ ಪ್ರಶ್ನೆಗೆ ನೆಲವೇ ಉತ್ತರ. ಆಳಂದದ ದಿನ್ನೆಗಳಲ್ಲಿ ಕರಿಗಲ್ಲಿನ ಚೂಪು ಹರಳು. ಅಲ್ಲಿಂದ ಅಮರ್ಜಾ ಹೊಳೆಯ ಜೊತೆ ಇಳಿದು, ಅದು ಭೀಮೆಯನ್ನು ಕೂಡುವ ದೇವಲ ಗಾಣಗಾಪುರಕ್ಕೆ ಬಂದರೆ ಅಫಜಲಪುರದ ಎರೆ. ಮಳೆಗಾಲದಲ್ಲಿ ಅದು ಕಾಲು ಹಿಡಿದು ಬಿಡದು, ಬೇಸಗೆಯಲ್ಲಿ ಬಿರಿದು ಗೊರಸಿನಷ್ಟೇ ಅಗಲದ ಬಾಯಿ ತೆರೆಯುತ್ತದೆ. ಇನ್ನೂ ಕೆಳಗೆ ಜೇವರ್ಗಿಯ ಕಡೆ ನಡೆದರೆ ಅಂಗಳ, ಗುಡಿ, ಓಣಿಗಳಲ್ಲೆಲ್ಲ ಶಹಾಬಾದದ ಹಾಸುಗಲ್ಲು. ಅದರ ಮೇಲೆ ಸವೆದ ಕಬ್ಬಿಣದ ನಾಲ ಹಾಕಿದ ಕುದುರೆ ಸೋಪಿನ ಮೇಲೆ ನಡೆದಂತೆ ನಡೆಯುತ್ತದೆ. ಇವೆಲ್ಲದರ ನಡುವೆ ಡಾಂಬರು. ಮೊದಲು ಕುದುರೆಗೆ ಮಣ್ಣಿನ ಹಾದಿಯಿತ್ತು, ಈಗ ಅದೂ ಇಲ್ಲ. ಈ ಮೂರೂ ತಾಲೂಕುಗಳಲ್ಲಿ ಉಳಿದಿರುವ ಕುದುರೆಗಳೆಂದರೆ ಬಹುಮಟ್ಟಿಗೆ ಮದುವೆಯ ಮೆರವಣಿಗೆಯವು, ಕುರಿ ಕಾಯುವವರ ಹೇರು ಹೊರುವ ತಟ್ಟುಗಳು, ಶೋಕಿಗಾಗಿ ಸಾಕಿದ ಕೆಲವು.

ಗೊರಸು ಸತ್ತ ಕೊಂಬಿನ ತುಂಡೆಂದು ತಿಳಿಯುವುದು ದೊಡ್ಡ ತಪ್ಪು. ಹೊರಗೋಡೆಗೆ ನೋವಿಲ್ಲ ನಿಜ. ಅದರ ಒಳಗೆ ರಕ್ತವಿದೆ, ನರವಿದೆ, ಎಲುಬಿದೆ. ತಿಂಗಳಿಗೆ ಸುಮಾರು 8ರಿಂದ 10 ಮಿಲಿಮೀಟರ್ ಗೊರಸು ಬೆಳೆಯುತ್ತದೆ. ಮೇಲಿನ ಕೂದಲಂಚಿನಿಂದ ತುದಿಯವರೆಗೆ ಪೂರ್ತಿ ಹೊಸದಾಗಲು ಹೆಚ್ಚುಕಡಿಮೆ ಒಂದು ವರ್ಷ ಹಿಡಿಯುತ್ತದೆ. ಭಾರ ಬಿದ್ದಾಗ ಅದು ಕೊಂಚ ಅಗಲವಾಗುತ್ತದೆ, ಎತ್ತಿದಾಗ ಕೂಡಿಕೊಳ್ಳುತ್ತದೆ. ಎತ್ತಿಗಾದರೆ ಗೊರಸು ಸೀಳಿರುವುದರಿಂದ ಎರಡು ತುಂಡು ಲಾಳ ಸಾಕು. ಕುದುರೆಯದು ಒಂಟಿ ಗೊರಸು, ಬಿಗಿದ ಕಬ್ಬಿಣ ಆ ಹಿಗ್ಗು ಕುಗ್ಗನ್ನು ತಡೆಯುತ್ತದೆ. ಮೈಭಾರದ ನೂರರಲ್ಲಿ 60 ಪಾಲು ಮುಂಗಾಲುಗಳ ಮೇಲೆಯೇ ಬೀಳುವುದರಿಂದ ಬೂಟಿನ ವಿಚಾರ ಮೊದಲು ಬರುವುದು ಮುಂಗಾಲಿಗೆ.

ಎರಡು ವರ್ಷಗಳ ಕೆಳಗೆ ಆಳಂದದಲ್ಲಿ ನಾನು ಕಂಡ ಸಂಗತಿಯೊಂದನ್ನು ಹೇಳಬೇಕು. ಮದುವೆಗಳಿಗೆ ಕುದುರೆ ಕೊಡುವ ಗೃಹಸ್ಥರೊಬ್ಬರು ತಮ್ಮ ಬಿಳಿಯ ಹೆಣ್ಣುಗುದುರೆಗೆ ದೂರದೂರಿನಿಂದ ಬೂಟು ತರಿಸಿದ್ದರು. ಅಳತೆಯೇನೆಂದು ಕೇಳಿದ್ದಕ್ಕೆ, ಸಡಿಲವಾಗಿದ್ದರೆ ಕಾಲಿಗೆ ಹಿತವೆಂದು, ದೊಡ್ಡದನ್ನೇ ಕಳಿಸಿರಿ ಎಂದಿದ್ದರಂತೆ. ಮೂರನೆಯ ಮೆರವಣಿಗೆಯಲ್ಲಿ, ಮದುಮಗನನ್ನು ಹೊತ್ತು ಬರುತ್ತಿದ್ದ ಕುದುರೆ ನಡುಬೀದಿಯಲ್ಲಿ ನಿಂತುಬಿಟ್ಟಿತು. ಬಾಜಾದವರು ಬಾರಿಸುತ್ತಲೇ ಇದ್ದರು. ಯಾರೋ ಕೋಲನ್ನೂ ಎತ್ತಿದರು. ಅಲ್ಲಿದ್ದ ಒಬ್ಬ ಮುದಿ ನಾಲಬಂದರು, ಎಲ್ಲರೂ ಚಾಚಾ ಎನ್ನುವವರು, ಕೋಲು ಹಿಡಿದ ಕೈಯನ್ನು ತಡೆದು ಹೇಳಿದರು: “ಹೊಡೀಬ್ಯಾಡ್ರಿ. ಅದಕ್ಕ ಬಾಯಿಲ್ಲ, ನಿಂತದಲ್ಲ, ಅದೇ ಅದರ ಮಾತು.” ಬೂಟು ಕಳಚಿದಾಗ ಹಿಮ್ಮಡಿಯ ಎರಡೂ ಮೆತ್ತನೆಯ ಉಬ್ಬುಗಳು ಸುಲಿದು ರಕ್ತ ಒಸರುತ್ತಿದ್ದವು. ಬಯಲಿನಲ್ಲಿ ಕಟ್ಟಿದ ತುರಾಯಿ, ಝಗಝಗಿಸುವ ಜೀನು, ಕೆಳಗೆ ಆ ಕಾಲು! ಮದುವೆಯ ಕಾಲದ ಒಂದು ತಿಂಗಳ ದುಡಿಮೆ ಆ ಮನೆಗೆ ಹೋಯಿತು.

ಗಾಯ ಮಾಯ್ದ ಮೇಲೆ ಚಾಚಾ ಗೊರಸನ್ನು ಕೆತ್ತಿ ಸಮಮಾಡಿದರು. ಅಳತೆಪಟ್ಟಿ ಹಿಡಿಯುವ ಕೆಲಸ ನನ್ನ ಪಾಲಿಗೆ ಬಂತು. ಕೆತ್ತಿದ ಕೂಡಲೇ ಅಳೆಯಬೇಕು, ನಾಲ್ಕು ವಾರ ಕಳೆದ ಗೊರಸಿನ ಅಳತೆ ಸುಳ್ಳು ಹೇಳುತ್ತದೆ. ಕಾಲನ್ನು ಎತ್ತಿ ಹಿಡಿದು, ಅಡಿಯ ಅತ್ಯಂತ ಅಗಲವಾದ ಕಡೆ ಒಂದಂಚಿನಿಂದ ಇನ್ನೊಂದಂಚಿಗೆ ಅಗಲ. ಮುಂದಿನ ತುದಿಯಿಂದ ಹಿಂಬದಿಯಲ್ಲಿ ಗೊರಸಿನ ಗೋಡೆ ನೆಲ ಮುಟ್ಟುವ ಕೊನೆಯ ಬಿಂದುವಿಗೆ ಉದ್ದ. ಬಹಳ ಮಂದಿ ಆ ಮೆತ್ತನೆಯ ಉಬ್ಬುಗಳನ್ನೂ ಸೇರಿಸಿ ಅಳೆದು, ಒಂದು ನಂಬರು ದೊಡ್ಡ ಬೂಟು ಕೊಳ್ಳುತ್ತಾರೆ. ಅಳತೆ ಮಿಲಿಮೀಟರಿನಲ್ಲಿರಲಿ, ನಾಲ್ಕು ಕಾಲಿಗೂ ಬೇರೆ ಬೇರೆ ಇರಲಿ. ಆ ಕುದುರೆಯ ಎಡ ಮುಂಗಾಲು 112 ಅಗಲ, 114 ಉದ್ದ; ಬಲದ್ದು ಅಗಲದಲ್ಲಿ 3 ಕಡಿಮೆ. ಹಿಂಗಾಲುಗಳು ಇನ್ನೂ ಕಿರಿದು, ಮುಂದಕ್ಕೆ ಮೊನೆಯಾಗಿ 102ಕ್ಕೆ 112. ಮುಂಗಾಲಿನದು ದುಂಡು, ಹಿಂಗಾಲಿನದು ಮೊಟ್ಟೆಯಾಕಾರ. ಇದು ಎಲ್ಲ ಕುದುರೆಗಳಲ್ಲಿಯೂ ಸಾಮಾನ್ಯ. ಮೊದಲು ತರಿಸಿದ್ದ ಬೂಟಿನ ಒಳ ಅಗಲ 125 ಇತ್ತು! ಗೊರಸನ್ನು ಹಳೆಯ ಪತ್ರಿಕೆಯ ಮೇಲೆ ಊರಿಸಿ, ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು, ತಾರೀಖು ಬರೆದಿಟ್ಟರೆ ಆಕಾರವೂ ಕೈಗೆ ಸಿಗುತ್ತದೆ. ಒಬ್ಬ ತಯಾರಕನ ನಂಬರು ಮತ್ತೊಬ್ಬನದಕ್ಕೆ ಹೊಂದುವುದಿಲ್ಲವಾದ್ದರಿಂದ, ಆಯಾ ತಯಾರಕನ ಅಳತೆಪಟ್ಟಿಯನ್ನೇ ನೋಡಬೇಕು.

ತೊಡಿಸಿದ ಮೇಲೆ ಪರೀಕ್ಷೆ. ಕಾಲೆತ್ತಿ ಬೂಟನ್ನು ಎರಡೂ ಕೈಯಿಂದ ತಿರುವಿದರೆ ಅದು ಗೊರಸಿನೊಡನೆ ತಿರುಗಬೇಕು, ಗೊರಸಿನ ಸುತ್ತ ತಿರುಗಬಾರದು. ಗೊರಸಿನ ತುದಿ ಒಳಗೆ ಮುಂದಿನ ಗೋಡೆಯನ್ನು ಮುಟ್ಟಿ ಕೂತಿರಬೇಕು. ಮೇಲಂಚು ಕೂದಲು ಮೊದಲಾಗುವ ಆ ನವುರಾದ ಗೆರೆಯನ್ನು ಒತ್ತಬಾರದು. ಮೊದಲ ದಿನ ಕಾಲು ಗಂಟೆ, ಅದೂ ನಡಿಗೆ. ಬೂಟು ತೆಗೆದು, ರೋಮ ಮುರಿದಿದೆಯೇ, ಚರ್ಮ ಬಿಸಿಯಾಗಿದೆಯೇ ಎಂದು ಕೈಯಾಡಿಸಿ ನೋಡಿ, ಮರುದಿನ ಸ್ವಲ್ಪ ಹೆಚ್ಚಿಸುವುದು. ಒಳಗೆ ಒಂದು ಹರಳು ಸೇರಿದರೂ ಕುದುರೆಗೆ ಅದು ಮುಳ್ಳೇ. ಆದ್ದರಿಂದ ಪ್ರತಿಸಲವೂ ಅಡಿಯನ್ನು ಕೆರೆದು, ಒರೆಸಿ ತೊಡಿಸಬೇಕು. ರಾತ್ರಿಯೆಲ್ಲ ಬಿಟ್ಟರೆ ಒಳಗೆ ಬೆವತು, ಅಡಿಯ ಮೆತ್ತನೆಯ ತ್ರಿಕೋನ ಕೊಳೆಯಲು ಮೊದಲಾಗುತ್ತದೆ. ದುರ್ವಾಸನೆಯೇ ಅದರ ಗುರುತು. ಅಫಜಲಪುರದ ಎರೆಯಲ್ಲಿ ಮಳೆಗಾಲಕ್ಕೆ ಬೂಟನ್ನು ಮರೆತುಬಿಡುವುದೇ ವಿವೇಕ. ಕೆಸರು ಅದನ್ನು ಕಾಲಿನಿಂದ ಕಿತ್ತು ತನ್ನಲ್ಲಿಯೇ ಇಟ್ಟುಕೊಳ್ಳುತ್ತದೆ. ಬೂಟು ಬಂದಿತೆಂದು ನಾಲಬಂದರನ್ನು ಬಿಡಲಾಗದು. ನಾಲ್ಕರಿಂದ ಆರು ವಾರಕ್ಕೊಮ್ಮೆ ಕೆತ್ತುವ ಕೈ ಇಲ್ಲದಿದ್ದರೆ ಎಂಥ ಬೂಟೂ ಕೂರದು, ಮತ್ತು ಆ ಕೈಗಳು ನಮ್ಮ ಕಡೆ ಬಹಳ ಉಳಿದಿಲ್ಲ.

ಇನ್ನು ಮೇಲೆ ಕೂಡುವವರ ಕಡೆಗೆ ಬರೋಣ. ಸಾಂಚಿಯ ಶಿಲ್ಪಗಳಲ್ಲಿ ಸವಾರನು ಹೆಬ್ಬೆರಳನ್ನು ಮಾತ್ರ ಒಂದು ಕುಣಿಕೆಗೆ ಸಿಕ್ಕಿಸಿಕೊಂಡಿರುವುದನ್ನು ತಾವು ನೋಡಿರಬಹುದು. ಬರಿಗಾಲಿನವರ ರಿಕಾಬು ಅದು. ಇಂದಿನ ರಿಕಾಬಿನಲ್ಲಿ ಇಡೀ ಪಾದ ಹೋಗುತ್ತದೆ, ಅಪಾಯವಿರುವುದೂ ಅಲ್ಲಿಯೇ. ಬಿದ್ದವನ ಕಾಲು ರಿಕಾಬಿನಲ್ಲಿ ಸಿಕ್ಕಿಕೊಂಡರೆ, ಬೆದರಿದ ಕುದುರೆ ಅವನನ್ನು ಎಳೆದೊಯ್ಯುತ್ತದೆ. ಆದ್ದರಿಂದ ಚಪ್ಪಲಿ ಬೇಡ. ದಪ್ಪ ಗೆರೆಯ ಅಡಿಯುಳ್ಳ ಆಟದ ಬೂಟೂ ಬೇಡ. ಅಡಿ ನುಣುಪಾಗಿ, ಎರಡರಿಂದ ಎರಡೂವರೆ ಸೆಂಟಿಮೀಟರ್ ಹಿಮ್ಮಡಿಯಿರುವ, ಕಣಕಾಲು ಮುಚ್ಚುವ ಬೂಟು ಬೇಕು. ಆ ಹಿಮ್ಮಡಿಯೇ ಪಾದವನ್ನು ಒಳಗೆ ಜಾರದಂತೆ ತಡೆಯುವುದು. ರಿಕಾಬು ಬೂಟಿನ ಅಗಲಕ್ಕಿಂತ ಸುಮಾರು ಎರಡೂವರೆ ಸೆಂಟಿಮೀಟರ್ ಹೆಚ್ಚಿರಲಿ. ಮಕ್ಕಳಿಗೆ, ಹೊರಮಗ್ಗುಲಲ್ಲಿ ರಬ್ಬರಿನ ಬಳೆಯಿದ್ದು ಎಳೆತಕ್ಕೆ ಕಳಚಿಕೊಳ್ಳುವ ರಿಕಾಬು ಸಿಗುತ್ತದೆ, ಅದನ್ನೇ ಹಾಕಿಸಬೇಕು.

ತಲೆಗೆ ಮೋಟಾರು ಸೈಕಲ್ಲಿನ ಹೆಲ್ಮೆಟ್ಟು ಸಾಕೆಂಬ ಅಭಿಪ್ರಾಯ ಬಲವಾಗಿದೆ. ಅದರ ಭಾರ ಕುತ್ತಿಗೆಗೆ, ಅದರ ಪಕ್ಕಗಳು ಕಣ್ಣು ಕಿವಿಗೆ ಅಡ್ಡಿ; ಅದನ್ನು ಪರೀಕ್ಷಿಸಿರುವುದೂ ಬೇರೆ ಬಗೆಯ ಪೆಟ್ಟಿಗೆ. ಸವಾರಿಯ ಹೆಲ್ಮೆಟ್ಟಿನ ಒಳಗೆ ‘ಎ.ಎಸ್.ಟಿ.ಎಂ. ಎಫ್ 1163’ ಅಥವಾ ‘ಪಿ.ಎ.ಎಸ್. 015’ ಎಂಬ ಗುರುತನ್ನು ನೋಡಿ ಕೊಳ್ಳಬೇಕು. ಹುಬ್ಬಿನ ಮೇಲೆ ಎರಡು ಬೆರಳಿನ ಅಂತರದಲ್ಲಿ ನೇರವಾಗಿ ಕೂತು, ತಲೆಯಲ್ಲಾಡಿಸಿದರೆ ನೆತ್ತಿಯ ಚರ್ಮ ಅದರೊಡನೆ ಕದಲಬೇಕು. ಒಮ್ಮೆ ನೆಲಕ್ಕೆ ಬಲವಾಗಿ ಬಡಿದ ಹೆಲ್ಮೆಟ್ಟು, ಹೊರಗೆ ಗೆರೆಯಿಲ್ಲದಿದ್ದರೂ ಮುಗಿಯಿತು. ಮದುಮಗನ ಬಾಸಿಂಗದ ಮೇಲೆ ಹೆಲ್ಮೆಟ್ಟು ಇಡಿರೆಂದು ಹೇಳುವಷ್ಟು ಅರಸಿಕ ನಾನಲ್ಲ. ಅವನ ಕುದುರೆ ನಡಿಗೆಯಲ್ಲಿಯೇ ಇರಲಿ, ಎರಡು ಕಡೆ ಇಬ್ಬರು ಹಿಡಿದಿರಲಿ, ಪಟಾಕಿ ಸಿಡಿಸುವ ಮೊದಲು ಅವನನ್ನು ಇಳಿಸಲಿ.

ಜೀನಿನ ಬಗ್ಗೆ ಹೇಳಬೇಕಾದದ್ದು ಬಹಳವಿದ್ದರೂ ಎರಡೇ ಮಾತು. ಕಾನಪುರದ ಜೀನುಗಳು ಜಗತ್ತಿನ ಮೂಲೆಮೂಲೆಗೂ ಹೋಗುತ್ತವೆ. ನಮ್ಮ ಹುಡುಗರು ಮಾತ್ರ ಗೋಣಿಚೀಲವನ್ನು ಹಗ್ಗದಿಂದ ಬಿಗಿದು ಏರುತ್ತಾರೆ. ಕೂತಾಗಲೂ ಕುದುರೆಯ ಹೆಗಲ ಏಣಿಗೂ ಜೀನಿಗೂ ನಡುವೆ ಎರಡು ಬೆರಳು ಆಡಬೇಕು, ಬೆನ್ನುಹುರಿಯ ಉದ್ದಕ್ಕೂ ಗಾಳಿ ಕಾಣಬೇಕು. ಸವಾರಿ ಮುಗಿಸಿ ಜೀನು ಇಳಿಸಿದಾಗ, ಬೆವರಿನ ನಡುವೆ ಒಣಗಿದ ತೇಪೆ ಕಂಡರೆ ಅಲ್ಲಿ ಒತ್ತಿದೆ ಎಂದರ್ಥ. ಲಗಾಮನ್ನಾಗಲಿ, ಹಗ್ಗವನ್ನಾಗಲಿ ಕೈಗೆ ಸುತ್ತಿಕೊಳ್ಳಬಾರದು. ಸುತ್ತಿಕೊಂಡು ಬೆರಳು ಕಳೆದುಕೊಂಡವರನ್ನು ನಾನು ಬಲ್ಲೆ.

ಕೊನೆಯದಾಗಿ ಧನುರ್ವಾಯು. ಮಣ್ಣಿನಲ್ಲಿ, ಕುದುರೆಯ ಲದ್ದಿಯಲ್ಲಿ ಅದರ ರೋಗಾಣು ಇರುತ್ತದೆ. ಸಾಕುಪ್ರಾಣಿಗಳಲ್ಲಿ ಕುದುರೆಯಷ್ಟು ಬೇಗ ಅದಕ್ಕೆ ಬಲಿಯಾಗುವುದು ಇನ್ನೊಂದಿಲ್ಲ. ಮೊಳೆ ಚುಚ್ಚಿದ ಗೊರಸು, ಬೂಟು ಉಜ್ಜಿದ ಹಿಮ್ಮಡಿ, ಎರಡೂ ಅದಕ್ಕೆ ತೆರೆದ ಬಾಗಿಲು. ಕುದುರೆಗೂ ಅದನ್ನು ನೋಡಿಕೊಳ್ಳುವವರಿಗೂ ಲಸಿಕೆಯುಂಟು. ಆಳಂದದ ಆ ಗೃಹಸ್ಥರು ತಮ್ಮದನ್ನೂ ಕುದುರೆಯದನ್ನೂ ಅದೇ ಪತ್ರಿಕೆಯ ಹಾಳೆಯ ಅಂಚಿನಲ್ಲಿ, ಗೊರಸಿನ ಗೆರೆಯ ಪಕ್ಕಕ್ಕೆ, ತಾರೀಖು ಸಹಿತ ಬರೆದಿಟ್ಟುಕೊಂಡಿದ್ದಾರೆ.