ಜಹಾಂಗೀರ್ ಸೈ, ಜಿಲೇಬಿ ಯಾಕಲ್ಲ?

ಓದುಗರೊಬ್ಬರು ಕೇಳಿದ್ದಾರೆ: 'ಮಗಳಿಗೆ ಸೀಲಿಯಾಕ್ ಇದೆ ಎಂದು ಡಾಕ್ಟರು ಹೇಳಿದ ಮೇಲೆ ಗೋಧಿ ಪೂರಾ ಬಂದ್. ಮುಂದಿನ ತಿಂಗಳು ಮನೆಯಲ್ಲಿ ಮದುವೆ ಇದೆ. ಜಹಾಂಗೀರ್ ಕೊಡಬಹುದು, ಜಿಲೇಬಿ ಕೊಡಬೇಡಿ ಅನ್ನುತ್ತಾರೆ. ಎರಡೂ ಕರಿದು ಪಾಕದಲ್ಲಿ ಅದ್ದಿದ್ದೇ ಅಲ್ಲವೇ? ಇನ್ನು ಈ ಮಗು ಸಿಹಿಯ ಆಸೆಯನ್ನೇ ಬಿಡಬೇಕೇ?'

ಬಿಡಬೇಕಾಗಿಲ್ಲ. ಸಕ್ಕರೆಗೂ ತುಪ್ಪಕ್ಕೂ ಕೇಸರಿ ಬಣ್ಣಕ್ಕೂ ಈ ಕಾಯಿಲೆಗೂ ಸಂಬಂಧವಿಲ್ಲ. ಜಹಾಂಗೀರ್ ಉದ್ದಿನಬೇಳೆ ರುಬ್ಬಿ ಮಾಡಿದ್ದು, ಜಿಲೇಬಿ ಮೈದಾದ್ದು. ವ್ಯತ್ಯಾಸ ಅಷ್ಟೇ. ಗೋಧಿ, ಬಾರ್ಲಿ ಮತ್ತು ನಮ್ಮಲ್ಲಿ ಅಷ್ಟಾಗಿ ಕಾಣದ ರೈ, ಈ ಮೂರು ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಸೀಲಿಯಾಕ್ ಇರುವವರ ಸಣ್ಣ ಕರುಳನ್ನು ಹಾಳುಮಾಡುತ್ತದೆ. ಅಕ್ಕಿ, ರಾಗಿ, ಜೋಳ, ಸಜ್ಜೆ, ನವಣೆ, ಬೇಳೆಕಾಳು ಇವಾವುದರಲ್ಲೂ ಅದಿಲ್ಲ.

ಹೋಳಿಗೆ ಮಾಡುವವರಿಗೆ ಗ್ಲುಟೆನ್ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಚಿರೋಟಿ ರವೆಗೆ ಮೈದಾ ಬೆರೆಸಿ ಕಲಸಿ, ಮೇಲೆ ಎಣ್ಣೆ ಹೊಯ್ದು ನೆನೆಯಲು ಬಿಟ್ಟ ಕಣಕ, ಎಳೆದರೆ ಹರಿಯದೆ ಬಳುಕುತ್ತ ಬರುತ್ತದಲ್ಲ, ಆ ಜಿಗುಟೇ ಅದು. ಬೇಕಿದ್ದರೆ ಕೈಯಲ್ಲೇ ಹಿಡಿದು ನೋಡಬಹುದು. ಒಂದು ಉಂಡೆ ಮೈದಾ ಹಿಟ್ಟನ್ನು ತೆಳುಬಟ್ಟೆಯಲ್ಲಿ ಕಟ್ಟಿ, ನಲ್ಲಿಯ ಕೆಳಗೆ ಹಿಸುಕುತ್ತಾ ಹೋಗಿ. ಮೊದಲು ಹಾಲಿನಂಥ ನೀರು ಇಳಿಯುತ್ತದೆ, ಅದು ಪಿಷ್ಟ. ನೀರು ತಿಳಿಯಾದ ಮೇಲೆ ಬಟ್ಟೆ ಬಿಚ್ಚಿದರೆ ಬೂದುಬಣ್ಣದ ಚಿಕ್ಕದೊಂದು ಮುದ್ದೆ ಉಳಿದಿರುತ್ತದೆ. ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ. ಇಟಲಿಯ ಬೊಲೋನ್ಯಾದಲ್ಲಿ ಯಾಕೊಪೊ ಬೆಕ್ಕಾರಿ 1728ರಲ್ಲಿ ವಿದ್ವಾಂಸರ ಮುಂದಿಟ್ಟದ್ದು ಇದನ್ನೇ, ಅಚ್ಚಾದದ್ದು 1745ರಲ್ಲಿ. ಗಿಡದಿಂದ ಬಂದ ಈ ವಸ್ತುವಿನ ನಡವಳಿಕೆ ಮಾತ್ರ ಪ್ರಾಣಿಮೂಲದ ವಸ್ತುವಿನದ್ದು ಎಂದು ಆತ ಬೆರಗಾಗಿದ್ದ.

ನಮ್ಮ ಅಡುಗೆಮನೆಗಳೂ ಈ ಪ್ರಯೋಗವನ್ನು ಮಾಡುತ್ತಲೇ ಬಂದಿವೆ. ಗೋಧಿ ಹಾಲಿನ ಹಲ್ವಕ್ಕೆ ಗೋಧಿಯನ್ನು ನೆನೆಸಿ, ರುಬ್ಬಿ, ಹಿಂಡಿ ಹಾಲು ತೆಗೆದು, ಉಳಿದ ಅಂಟನ್ನೂ ಸಿಪ್ಪೆಯನ್ನೂ ಎಸೆಯುತ್ತೇವೆ. ಅಂಟು ಹೋಯಿತಲ್ಲ, ಇನ್ನು ಹಲ್ವ ತಿನ್ನಬಹುದೇ ಅಂದರೆ, ಬೇಡ. ಕೈಯಿಂದ ಹಿಂಡಿದ ಹಾಲಿನಲ್ಲಿ ಉಳಿಯುವ ಗ್ಲುಟೆನ್ನೇ ಬೇಕಾದಷ್ಟಾಗುತ್ತದೆ.

ಇಷ್ಟು ಚೂರು ಪ್ರೋಟೀನಿಗೆ ಕರುಳು ಯಾಕೆ ಇಷ್ಟು ರಂಪ ಮಾಡುತ್ತದೆ? ಜೀರ್ಣರಸದ ಕಿಣ್ವಗಳನ್ನು ಅಡಕತ್ತರಿಗಳು ಎಂದುಕೊಳ್ಳಿ. ಒಂದೊಂದು ಅಡಕತ್ತರಿಗೂ ಒಂದೊಂದು ಪಟ್ಟು. ಹೋಳನ್ನು ಬಾಯಿಗೆ ಸರಿಯಾಗಿ ಕೂರಿಸಿದರೆ ಮಾತ್ರ ಕತ್ತರಿಸುತ್ತದೆ. ಮೊಟ್ಟೆಯದೋ ಬೇಳೆಯದೋ ಪ್ರೋಟೀನಾದರೆ ಸಲೀಸಾಗಿ ಕೂತು ಪುಡಿಪುಡಿಯಾಗುತ್ತದೆ. ಗ್ಲುಟೆನ್ನಿನಲ್ಲಿ ಪ್ರೋಲೀನ್ ಎಂಬ ಅಮೈನೋ ಆಮ್ಲ ಹೆಜ್ಜೆಹೆಜ್ಜೆಗೂ ಇದೆ. ಅದು ಇರುವಲ್ಲೆಲ್ಲ ಸರಪಳಿ ಸೊಟ್ಟಗೆ ಬಾಗುತ್ತದೆ, ಅಡಕತ್ತರಿಯ ಬಾಯಿಗೆ ಕೂರುವುದಿಲ್ಲ. ಎಷ್ಟು ಒತ್ತಿದರೂ ಜಾರುತ್ತದೆ. ಹೀಗೆ ತುಂಡಾಗದೆ ಉಳಿಯುವ ಹೋಳುಗಳಲ್ಲಿ 33 ಅಮೈನೋ ಆಮ್ಲಗಳ ಒಂದು ಹೋಳನ್ನು ಸ್ಟ್ಯಾನ್‌ಫರ್ಡ್‌ನ ಚೈತನ್ ಖೋಸ್ಲಾ ಮತ್ತು ಸಂಗಡಿಗರು 2002ರಲ್ಲಿ ಗುರುತಿಸಿದರು. ಇದು ಎಲ್ಲರ ಹೊಟ್ಟೆಯಲ್ಲೂ ನಡೆಯುವಂಥದ್ದೇ, ನನ್ನ ನಿಮ್ಮ ಹೊಟ್ಟೆಯಲ್ಲೂ. ಸೀಲಿಯಾಕ್ ಇರುವವರಲ್ಲಿ ಮಾತ್ರ ಮುಂದಿನದು ಎಡವಟ್ಟು. ಕರುಳಿನ ಗೋಡೆಯಲ್ಲಿರುವ ಟ್ರಾನ್ಸ್‌ಗ್ಲುಟಾಮಿನೇಸ್ ಎಂಬ ಕಿಣ್ವ ಆ ಹೋಳನ್ನು ಚೂರು ತಿದ್ದುತ್ತದೆ. ತಿದ್ದಿದ ಹೋಳು ಡಿಕ್ಯೂ2 ಅಥವಾ ಡಿಕ್ಯೂ8 ಎಂಬ ವಂಶವಾಹಿ ಇರುವವರ ರೋಗನಿರೋಧಕ ಕೋಶಗಳಲ್ಲಿ ಗಟ್ಟಿಯಾಗಿ ಕಚ್ಚಿಕೊಂಡು, ಶತ್ರು ಹೊಕ್ಕಿದ್ದಾನೆಂಬ ಗುಲ್ಲೆಬ್ಬಿಸುತ್ತದೆ. ಆ ಗುಲ್ಲಿನಲ್ಲಿ ಏಟು ಬೀಳುವುದು ಸ್ವಂತ ಕರುಳಿನ ಮೇಲೆ. ಕರುಳಿನ ಒಳಗೋಡೆಯಲ್ಲಿ ಪುಟ್ಟ ಬೆರಳುಗಳಂತೆ ಚಾಚಿಕೊಂಡು ಆಹಾರ ಹೀರುವ ವಿಲ್ಲೈಗಳು ಸವೆದು ಚಪ್ಪಟೆಯಾಗುತ್ತವೆ. ಭೇದಿ, ರಕ್ತಹೀನತೆ, ಬೆಳೆಯದ ಮಗು, ಎಲ್ಲ ಅಲ್ಲಿಂದಲೇ.

ಕಾಯಿಲೆ ಹಳೆಯದು, ಕಾರಣ ತಿಳಿದದ್ದು ಮೊನ್ನೆಮೊನ್ನೆ ಎನ್ನಬೇಕು. ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ಗೀ 1888ರಲ್ಲಿ ಇದರ ಲಕ್ಷಣಗಳನ್ನು ಚೆನ್ನಾಗಿ ಬರೆದಿಟ್ಟ. ವಾಸಿಯಾಗುವುದಿದ್ದರೆ ಪಥ್ಯದಿಂದಲೇ ಎಂದೂ ಹೇಳಿದ. ಯಾವ ಪಥ್ಯ ಎಂಬುದೇ ಅವನಿಗೆ ಹೊಳೆಯಲಿಲ್ಲ. ದಿನಾ ಡಚ್ ಮಳಿ ಮೀನು ತಿಂದ ಒಂದು ಮಗು ಚೇತರಿಸಿಕೊಂಡಿತಂತೆ. ಮಳಿಯ ಕಾಲ ಮುಗಿದಾಗ ಮತ್ತೆ ಮಲಗಿತು. 1924ರಲ್ಲಿ ನ್ಯೂಯಾರ್ಕಿನ ಸಿಡ್ನಿ ಹಾಸ್ ಬಾಳೆಹಣ್ಣಿನ ಪಥ್ಯ ತಂದ. ಮಕ್ಕಳು ನಿಜವಾಗಿಯೂ ಗುಣವಾದರು, ಹಾಸ್ ಹೆಸರುವಾಸಿಯಾದ. ಮಕ್ಕಳನ್ನು ಉಳಿಸಿದ್ದು ಬಾಳೆಹಣ್ಣಲ್ಲ, ತಟ್ಟೆಯಿಂದ ಹೊರಬಿದ್ದ ಬ್ರೆಡ್ಡು. ಅದನ್ನು ಆತ ಕೊನೆಗೂ ಒಪ್ಪಲಿಲ್ಲ.

ಬ್ರೆಡ್ಡಿನ ಮೇಲೆ ಬೆರಳಿಟ್ಟವನು ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್-ಕಾರೆಲ್ ಡಿಕೆ. 1944-45ರ ಚಳಿಗಾಲದಲ್ಲಿ ಅಲ್ಲಿ ಬರ ಬಿತ್ತು. ಜನ ಟ್ಯೂಲಿಪ್ ಗೆಡ್ಡೆ ಬೇಯಿಸಿ ತಿಂದರು. ಬ್ರೆಡ್ಡಿಲ್ಲದ ಆ ದಿನಗಳಲ್ಲಿ ಸೀಲಿಯಾಕ್ ಮಕ್ಕಳು ಸುಧಾರಿಸಿದರು, ವಿಮಾನದಿಂದ ಬ್ರೆಡ್ಡು ಬಿದ್ದೊಡನೆ ಮತ್ತೆ ಹಾಸಿಗೆ ಹಿಡಿದರು, ಡಿಕೆಗೆ ಥಟ್ಟನೆ ಹೊಳೆಯಿತು ಎಂದು ಕಥೆ ಹೇಳುವುದುಂಟು. ಕಥೆಯಾಗಿ ಚೆಂದ. ಆದರೆ ಡಿಕೆ 1930ರ ದಶಕದ ನಡುವಿನಿಂದಲೇ ಗೋಧಿ ಬಿಡಿಸಿ ನೋಡುತ್ತಿದ್ದ. ಬರಗಾಲ ಅವನ ಗುಮಾನಿಗೆ ಸಾಕ್ಷಿ ಒದಗಿಸಿತು, ಅಷ್ಟೆ. 1950ರಲ್ಲಿ ಉಟ್ರೆಕ್ಟ್‌ನಲ್ಲಿ ಪ್ರಬಂಧ ಮಂಡಿಸಿದ. ಆ ಪ್ರಬಂಧಕ್ಕೆ ಬಲ ಕೊಟ್ಟದ್ದು ನಾಟಕೀಯವಾದದ್ದೇನಲ್ಲ, ಮಕ್ಕಳ ಮಲ. ವಾನ್ ಡೆ ಕಾಮರ್ ಎಂಬ ರಸಾಯನಶಾಸ್ತ್ರಜ್ಞ ಮಲದಲ್ಲಿ ಹೀರದೆ ಹೋದ ಕೊಬ್ಬು ಎಷ್ಟಿದೆಯೆಂದು ಅಳೆಯುವ ವಿಧಾನ ಕಂಡುಹಿಡಿದಿದ್ದ. ಗೋಧಿ ಕೊಟ್ಟಾಗ ಕೊಬ್ಬು ಏರುತ್ತಿತ್ತು, ನಿಲ್ಲಿಸಿದಾಗ ಇಳಿಯುತ್ತಿತ್ತು. ಗೋಧಿಯನ್ನೇ ಬಿಡಿಸಿ ಕೊಟ್ಟು ನೋಡಿದಾಗ ಪಿಷ್ಟ ನಿರಪರಾಧಿ, ಬೆಕ್ಕಾರಿಯ ಅಂಟು ಅಪರಾಧಿ ಎಂದಾಯಿತು.

ನಮ್ಮ ದೇಶದ ಲೆಕ್ಕವೂ ಸ್ವಾರಸ್ಯದ್ದು. 2016ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ಸೀಲಿಯಾಕ್ ಸೂಚಿಸುವ ಪ್ರತಿಕಾಯಗಳು ಉತ್ತರ ಭಾರತದಲ್ಲಿ ನೂರಕ್ಕೆ ಸುಮಾರು 1.2 ಮಂದಿಯ ರಕ್ತದಲ್ಲಿ ಕಂಡರೆ ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರಲ್ಲಿ. ವಂಶವಾಹಿಯ ಪ್ರಮಾಣ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ. ದಿನಕ್ಕೆ ತಿನ್ನುವ ಗೋಧಿ ಮಾತ್ರ ಅಲ್ಲಿ 455 ಗ್ರಾಂ, ಇಲ್ಲಿ 25 ಗ್ರಾಂ. ನಮ್ಮ ಅಜ್ಜಿಯರ ಕಾಲದ ಸಿಹಿಗಳಲ್ಲಿ ಗೋಧಿಗೆ ಜಾಗ ಕಡಿಮೆ ಇದ್ದುದೂ ಸಹಜವೇ.

ಹಾಗಾಗಿ ಮದುವೆಮನೆಯ ಎಲೆಯನ್ನು ಸ್ವಲ್ಪ ಗಮನಿಸಿ. ಮೈಸೂರು ಪಾಕ್ ಕಡಲೆಹಿಟ್ಟಿನದು. ಅದರ ಗೂಡುಗೂಡಾದ ಮೈಯನ್ನು ಹಿಡಿದು ನಿಲ್ಲಿಸುವುದು ಪಾಕ, ಗ್ಲುಟೆನ್ ಅಲ್ಲ. ಬೂಂದಿ ಲಾಡು, ಹಯಗ್ರೀವ, ಕೊಬ್ಬರಿ ಮಿಠಾಯಿ, ಕಾಶಿ ಹಲ್ವ, ಕರದಂಟು, ಹೆಸರುಬೇಳೆ ಪಾಯಸ, ಅಕ್ಕಿ ತಂಬಿಟ್ಟು ಎಲ್ಲವೂ ಹುಟ್ಟಿನಿಂದಲೇ ಗ್ಲುಟೆನ್ ಇಲ್ಲದವು. ಕೇಸರಿಬಾತು, ಹೋಳಿಗೆ, ಚಿರೋಟಿ, ಬಾದಾಮ್ ಪೂರಿ, ಮಂಡಿಗೆ ಬೇಡವೆಂದು ಯಾರಿಗೂ ಗೊತ್ತಾಗುತ್ತದೆ. ಮೋಸ ಹೋಗುವುದು ಜಾಮೂನಿನಲ್ಲಿ: ಖೋವದ್ದು ಎಂದುಕೊಂಡರೂ ಒಳಗೆ ಮೈದಾ ಇರುತ್ತದೆ. ಸೋನ್ ಪಾಪಡಿಯೂ ಹಾಗೆಯೇ. ಶ್ಯಾವಿಗೆ ಪಾಯಸವಾದರೆ ಯಾವ ಶ್ಯಾವಿಗೆ ಎಂದು ಕೇಳಲೇಬೇಕು. ಅಕ್ಕಿಯ ಒತ್ತು ಶ್ಯಾವಿಗೆಯಾದರೆ ಸರಿ. (ಖಾರದ ಕಡೆ ಹೊರಳಿದರೆ ಇಂಗಿನ ಡಬ್ಬಿಯನ್ನೂ ಓದಿ. ಅಂಗಡಿಯ ಇಂಗಿಗೆ ಮೈದಾ ಬೆರೆಸುವುದು ಮಾಮೂಲು.) ಇನ್ನು ಧಾರವಾಡ ಪೇಡ, ಬೆಳಗಾವಿ ಕುಂದಾಗಳಲ್ಲಿ ಗ್ಲುಟೆನ್ ಇಲ್ಲ, ಆದರೂ ಕಾಯಿಲೆ ಪತ್ತೆಯಾದ ಹೊಸತರಲ್ಲಿ ಹೊಟ್ಟೆ ಕೆಡಬಹುದು. ಹಾಲಿನ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಇರುವುದು ಆ ಸವೆದುಹೋದ ವಿಲ್ಲೈಗಳ ತುದಿಯಲ್ಲೇ. ಕರುಳು ಮಾಯುತ್ತ ಬಂದಂತೆ ಬಹುಪಾಲು ಮಂದಿಗೆ ಹಾಲು ಮತ್ತೆ ಒಗ್ಗುತ್ತದೆ.

ಹೋಳಿಗೆಯ ಆಸೆಗೆ ಏನು ಮಾಡೋಣ? ಅಕ್ಕಿಹಿಟ್ಟನ್ನು ತಣ್ಣೀರಲ್ಲಿ ಕಲಸಿದರೆ ಲಟ್ಟಿಸುವಾಗಲೇ ಬಿರಿಯುತ್ತದೆ. ಕುದಿನೀರಿನಲ್ಲಿ ಉಕ್ಕರಿಸಿದರೆ ಅದೇ ಹಿಟ್ಟು ಬೆರಳಿಗೆ ಬಗ್ಗುತ್ತದೆ, ಕಡುಬಿನ ತೆಳು ಹೊದಿಕೆಯಾಗುತ್ತದೆ. ಸುಮಾರು 70 ಡಿಗ್ರಿ ಬಿಸಿಯಲ್ಲಿ ಅಕ್ಕಿಯ ಪಿಷ್ಟದ ಕಣಗಳು ನೀರು ಕುಡಿದು ಉಬ್ಬಿ, ಒಡೆದು, ಅಂಟಾಗುತ್ತವೆ. ಗ್ಲುಟೆನ್ ಮಾಡಬೇಕಾದ ಕೆಲಸವನ್ನು ಬೆಂದ ಪಿಷ್ಟ ಮಾಡಿಕೊಡುತ್ತದೆ. ಜೋಳದ ರೊಟ್ಟಿಗೆ ಎಸರು ಹಾಕುವುದರ ಗುಟ್ಟೂ ಇದೇ. ಪೇಟೆಯ ಗ್ಲುಟೆನ್-ರಹಿತ ಕೇಕಿನಲ್ಲಿ ಇದೇ ಕೆಲಸಕ್ಕೆ ಕ್ಸಾಂಥಾನ್ ಗಮ್ ಹಾಕುತ್ತಾರೆ. ಅಮೆರಿಕದ ಪಿಯೋರಿಯಾದ ಸರ್ಕಾರಿ ಪ್ರಯೋಗಾಲಯದಲ್ಲಿ ಅಲೀನ್ ಜೀನ್ಸ್ ಮತ್ತು ಸಂಗಡಿಗರು ಬ್ಯಾಕ್ಟೀರಿಯಾದಿಂದ ತೆಗೆದ ಗೋಂದು ಅದು. ಒಳ್ಳೆಯ ವಸ್ತುವೇ, ದೂರಿಲ್ಲ. ಆದರೆ ಹೂರಣವನ್ನು ಕಡುಬಿಗೆ ತುಂಬಿದರೆ ಆಗುವ ಕೆಲಸಕ್ಕೆ ದುಬಾರಿ ಪೊಟ್ಟಣವೇಕೆ ಎನ್ನುವುದು ನನ್ನ ಪ್ರಶ್ನೆ.

ನಿಜವಾದ ತೊಡಕು ಇರುವುದು ಪಾಕವಿಧಾನದಲ್ಲಿ ಅಲ್ಲ, ಹಿಟ್ಟು ಬಂದ ದಾರಿಯಲ್ಲಿ. ಗ್ಲುಟೆನ್-ರಹಿತ ಎಂದು ಬರೆಯಬೇಕಾದರೆ ಕಿಲೋಗೆ 20 ಮಿಲಿಗ್ರಾಂ ಮೀರಬಾರದು ಎಂಬುದು ಅಂತರರಾಷ್ಟ್ರೀಯ ಮಾನದಂಡ, ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ್ದೂ ಅದೇ. ಮೈದಾದಲ್ಲಿ ಗ್ಲುಟೆನ್ ನೂರಕ್ಕೆ ಸುಮಾರು ಎಂಟು ಪಾಲು ಎಂದಿಟ್ಟುಕೊಂಡರೆ, ಒಂದು ಕಿಲೋ ಅಕ್ಕಿಹಿಟ್ಟನ್ನು ಕೆಡಿಸಲು ಕಾಲು ಗ್ರಾಂ ಮೈದಾ ಸಾಕು. ಇಟಲಿಯ ಕಾರ್ಲೊ ಕಟಾಸಿ ಮತ್ತು ಸಂಗಡಿಗರು 2007ರಲ್ಲಿ ತೋರಿಸಿದಂತೆ ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ನು ಮೂರು ತಿಂಗಳಲ್ಲಿ ಕರುಳನ್ನು ಮತ್ತೆ ಕೆಡಿಸಬಲ್ಲದು. ಅಂದರೆ ದಿನಕ್ಕೊಂದು ಚಿಟಿಕೆ ಮೈದಾ. ಈಗ ಬೀದಿಯ ಗಿರಣಿಯನ್ನು ನೆನೆಸಿಕೊಳ್ಳಿ. ಮುಂದಿನವರ ಗೋಧಿ ಮುಗಿದು ನಿಮ್ಮ ಅಕ್ಕಿ ಕಲ್ಲಿಗೆ ಬಿದ್ದಾಗ ಮೊದಲು ಇಳಿಯುವ ಹಿಟ್ಟು ಯಾರದು? ಮಿಠಾಯಿ ಅಂಗಡಿಯಲ್ಲಿ ಜಿಲೇಬಿ ಕರಿದ ಬಾಣಲೆಗೇ ಜಹಾಂಗೀರ್ ಬಿದ್ದರೆ ಅದೂ ಹೋಯಿತು. ಕಾದ ಎಣ್ಣೆಯಲ್ಲಿ ರೋಗಾಣು ಸತ್ತೀತು. ಗ್ಲುಟೆನ್ ಜೀವವಲ್ಲ, ಸಾಯುವುದಿಲ್ಲ.

ಇಷ್ಟು ಹೇಳಿದ್ದು ಸೀಲಿಯಾಕ್ ಇರುವವರಿಗೆ. ಇಲ್ಲದವರು ಈ ಪಥ್ಯವನ್ನು ತೂಕ ಇಳಿಸುವ ಮಂತ್ರವೆಂದು ಹಿಡಿದಿರುವುದು ನನಗೆ ಅರ್ಥವಾಗದ ಸಂಗತಿ. ಹುಟ್ಟಾ ಗ್ಲುಟೆನ್ ಇಲ್ಲದ ಅಕ್ಕಿಯ ಪೊಟ್ಟಣದ ಮೇಲೂ ಈಗ ಆ ಮುದ್ರೆ ಬೀಳುತ್ತಿದೆ. ಗ್ಲುಟೆನ್-ರಹಿತ ಬಿಸ್ಕತ್ತಿನಲ್ಲಿ ಸಕ್ಕರೆಯೇನೂ ಕಡಿಮೆಯಿಲ್ಲ, ಮಧುಮೇಹಿಗೆ ಅದು ಬಿಸ್ಕತ್ತೇ. 'ಖಪ್ಲಿ ಗೋಧಿ ಹಳೆ ತಳಿ, ಅದರಲ್ಲಿ ಗ್ಲುಟೆನ್ ಇಲ್ಲ' ಎನ್ನುವ ಮಾರಾಟದ ಮಾತಂತೂ ಅಪಾಯದ್ದೇ; ಹಳೆಯದಾದರೂ ಗೋಧಿ ಗೋಧಿಯೇ. ಅನುಮಾನ ಬಂದವರು ತಾವಾಗಿಯೇ ಗೋಧಿ ಬಿಟ್ಟು ಆಮೇಲೆ ಪರೀಕ್ಷೆಗೆ ಹೋಗುವುದೂ ಎಡವಟ್ಟು. ಗ್ಲುಟೆನ್ ಒಳಹೋಗುತ್ತಿದ್ದರೆ ಮಾತ್ರ ರಕ್ತದಲ್ಲಿ ಆ ಪ್ರತಿಕಾಯಗಳು ಸಿಗುತ್ತವೆ. ಮೊದಲು ಪರೀಕ್ಷೆ, ಆಮೇಲೆ ಪಥ್ಯ.

ಮದುವೆಗೆ ನನ್ನ ಸಲಹೆ ಕಜ್ಜಾಯ. ಅಕ್ಕಿಯನ್ನು ಮನೆಯಲ್ಲೇ ನೆನೆಸಿ, ಬಟ್ಟೆಯ ಮೇಲೆ ನೆರಳಲ್ಲಿ ಹರಡಿ, ಇನ್ನೂ ಹಸಿ ಇರುವಾಗಲೇ ಮನೆಯ ಮಿಕ್ಸಿಯಲ್ಲಿ ಪುಡಿ ಮಾಡಿ ಜರಡಿ ಹಿಡಿಯಿರಿ. ಆ ಜರಡಿ ಮೈದಾ ಜರಡಿ ಆಗಿರಬಾರದು. ಬೆಲ್ಲದ ಪಾಕಕ್ಕೆ ಹಿಟ್ಟು, ಏಲಕ್ಕಿ, ಗಸಗಸೆ ಹಾಕಿ ಕಲಸಿ ಮುಚ್ಚಿಡಿ, ಮಾರನೆಯ ದಿನ ತಟ್ಟಿ ಕರಿಯಿರಿ. ಬಾಣಲೆಗೆ ಹೊಸ ಎಣ್ಣೆ ಹೊಯ್ದ ಮೇಲೆ ಮೊದಲ ಸರದಿ ಕಜ್ಜಾಯದ್ದು, ಪೂರಿ ಆಮೇಲೆ.