ಪೊಳ್ಳು ಮರಕ್ಕೂ ಜೀವ

ಪ್ರಶ್ನೆ: ಸ್ಕಾಟ್ಲೆಂಡಿನ ದೊರೆ ಮ್ಯಾಕ್‌ಬೆತ್‌ನ ಕಥೆಯಲ್ಲಿ ಬರುವ ಬರ್ನಮ್ ಕಾಡಿನ ಓಕ್ ಮರವೊಂದು ಇಂದಿಗೂ ಇದೆಯಂತೆ. ಬುಡವೆಲ್ಲ ಪೊಳ್ಳಾದರೂ ಅದು ಚಿಗುರುವುದು ಹೇಗೆ?

ಉತ್ತರ: ಮರದ ಜೀವ ಇರುವುದು ತೊಗಟೆಯ ಆಸುಪಾಸಿನಲ್ಲಿ. ಒಳತೊಗಟೆ ಎಲೆಯಲ್ಲಿ ತಯಾರಾದ ಸಕ್ಕರೆಯನ್ನು ಕೆಳಗಿಳಿಸುತ್ತದೆ. ಅದರ ಒಳಗಿನ ಎಳೆಯ ಕಟ್ಟಿಗೆ ಬೇರಿನ ನೀರನ್ನು ಮೇಲಕ್ಕೇರಿಸುತ್ತದೆ. ಇವೆರಡರ ನಡುವಿನ ತೆಳು ಪದರದಲ್ಲಿ ಹೊಸ ಕೋಶಗಳು ಹುಟ್ಟುತ್ತಲೇ ಇರುತ್ತವೆ. ನಟ್ಟನಡುವಿನ ಚೇಗು ಸತ್ತ ಕಟ್ಟಿಗೆ. ಶಿಲೀಂಧ್ರಗಳು ಅದನ್ನು ತಿಂದು ಮುಗಿಸಿದರೂ ಈ ಸಾಗಣೆ ನಿಲ್ಲದು. ಮರ ಒಡನೆ ಬೀಳುವುದೂ ಇಲ್ಲ. ಒಳಗೆ ಟೊಳ್ಳಾದ ಕಬ್ಬಿಣದ ಪೈಪು ಭಾರ ಹೊರುವುದಿಲ್ಲವೇ, ಹಾಗೆ. ಕೊಂಬೆಗಳ ಮಾತು ಬೇರೆ. ಟೇ ನದಿಯ ದಂಡೆಯಲ್ಲಿರುವ ಈ ಮರದ ಕೆಳಗೊಂಬೆಗಳಿಗೆ ಊರುಗಂಬಗಳ ಆಸರೆ ಕೊಟ್ಟಿದ್ದಾರೆ. ಅಂದಹಾಗೆ, ಮ್ಯಾಕ್‌ಬೆತ್ ಆಳಿದ್ದು 1040ರಿಂದ 1057ರವರೆಗೆ. ಅವನ ಕಥೆಯಲ್ಲಿ ಬರುವ, ಬರ್ನಮ್ ಕಾಡೇ ನಡೆದುಬಂದ ಪ್ರಸಂಗ ಇತಿಹಾಸವಲ್ಲ, ದಂತಕಥೆ.