ಹಗುರಾದ ತಿರುಳು

ಹಂಪೆ, ಕಂಪ್ಲಿಗಳ ಬಳಿ ತುಂಗಭದ್ರೆಯಲ್ಲಿ ತೇಲುವ ಹರಿಗೋಲನ್ನು ನೀವು ಕಂಡಿರಬಹುದು. ಬಂಡೆಗಳಿಂದ ತುಂಬಿದ ಆ ಹೊಳೆಯಲ್ಲಿ ಹಡಗು ಸಾಗದು. ಬಿದಿರಿನಿಂದ ಹೆಣೆದ ಹಗುರವಾದ ಹರಿಗೋಲೇ ತಕ್ಕದ್ದು. ಬೇಡವಾದುದನ್ನು ಬಿಟ್ಟು ಬೇಕಾದುದನ್ನಷ್ಟೇ ಉಳಿಸಿಕೊಳ್ಳುವ ಈ ಜಾಣ್ಮೆಯು ಗಣಕಯಂತ್ರಗಳ ಲೋಕದಲ್ಲಿಯೂ ಉಂಟು.

ಹೊಸಪೇಟೆಯ ಅಂಗಡಿಗಳಲ್ಲಿ ಅಂತರ್ಜಾಲವನ್ನು ಹಂಚುವ ರೌಟರ್ ಎಂಬ ಪುಟ್ಟ ಪೆಟ್ಟಿಗೆಯಿರುತ್ತದೆ. ಅದಕ್ಕೆ ಕೀಲಿಮಣೆಯಿಲ್ಲ, ಪರದೆಯಿಲ್ಲ. ಆದರೂ ಅದರೊಳಗೆ ಒಂದು ಗಣಕವಿದೆ. ಹೀಗೆ ನಿಯತವಾದ ಕೆಲಸಕ್ಕಾಗಿ ಉಪಕರಣದೊಳಗೆ ಹುದುಗಿರುವ ಗಣಕವನ್ನು ಎಂಬೆಡೆಡ್ ವ್ಯವಸ್ಥೆ ಎನ್ನುತ್ತಾರೆ. ಇಂತಹ ಅನೇಕ ಉಪಕರಣಗಳನ್ನು ನಡೆಸುವುದು ಲಿನಕ್ಸ್. ಫಿನ್ಲೆಂಡಿನಲ್ಲಿ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ ಅವರು 1991ರಲ್ಲಿ ಇದನ್ನು ಆರಂಭಿಸಿದರು. ಇದರ ತಿರುಳಿಗೆ ಕರ್ನಲ್ ಎಂದು ಹೆಸರು. ಸಂಸ್ಕಾರಕದ ಸಮಯವನ್ನೂ ಸ್ಮರಣಕೋಶದ ಜಾಗವನ್ನೂ ಕಾರ್ಯಕ್ರಮಗಳಿಗೆ ಹಂಚಿಕೊಡುವುದು, ಜೋಡಿಸಿದ ಸಾಧನಗಳನ್ನು ನಡೆಸುವುದು ಇದರ ಹೊಣೆ.

ಇಂದು ಕರ್ನಲ್ಲಿನ ಮೂಲಬರಹವು ಮೂರು ಕೋಟಿ ಸಾಲುಗಳನ್ನೂ ಮೀರಿದೆ. ಅದರ ಬಹುಭಾಗವು ಬಗೆಬಗೆಯ ಸಾಧನಗಳನ್ನು ನಡೆಸುವ ಡ್ರೈವರುಗಳು. ಧ್ವನಿಯೇ ಬೇಕಿಲ್ಲದ ಪೆಟ್ಟಿಗೆಗೆ ಧ್ವನಿಯ ಡ್ರೈವರ್ ಏಕೆ? ಆದುದರಿಂದ ತಂತ್ರಜ್ಞರು ಒಂದೊಂದು ಸೌಲಭ್ಯವನ್ನೂ ಪರಿಶೀಲಿಸಿ, 'ಬೇಕು', 'ಬೇಡ' ಎಂದು ಗುರುತಿಸುತ್ತಾರೆ. ಬೇಕಾದ ಭಾಗಗಳನ್ನು ಮಾತ್ರ ಯಂತ್ರಭಾಷೆಗೆ ಪರಿವರ್ತಿಸಿ, ಅದನ್ನು ಅಡಕಗೊಳಿಸಿ ಉಪಕರಣದಲ್ಲಿ ಇರಿಸುತ್ತಾರೆ. ಇದರಿಂದ ಕಡಿಮೆ ಸ್ಮರಣಕೋಶ ಸಾಕಾಗುತ್ತದೆ. ಉಪಕರಣದ ಬೆಲೆಯೂ ಇಳಿಯುತ್ತದೆ.

ಇಂತಹ ಮಿತವ್ಯಯವನ್ನು ಆಧರಿಸಿದ ಪ್ರಯತ್ನವೊಂದು ನಮ್ಮ ನಾಡಿನಲ್ಲಿಯೇ ನಡೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರೂ ಎನ್‌ಕೋರ್ ಸಂಸ್ಥೆಯ ತಂತ್ರಜ್ಞರೂ ಸೇರಿ ಅಂಗೈಯಲ್ಲಿ ಹಿಡಿಯಬಹುದಾದ ಸಿಂಪ್ಯೂಟರನ್ನು ರೂಪಿಸಿ, 2001ರಲ್ಲಿ ಅದರ ಮಾದರಿಯನ್ನು ಪ್ರದರ್ಶಿಸಿದರು. 206 ಮೆಗಾಹರ್ಟ್ಸ್ ವೇಗದ ಸಂಸ್ಕಾರಕವುಳ್ಳ ಆ ಯಂತ್ರವನ್ನು ನಡೆಸಿದ್ದು ಲಿನಕ್ಸ್. ಕನ್ನಡದ ಬರಹವನ್ನು ಓದಿ ಹೇಳುವ ಸೌಲಭ್ಯವೂ ಅದಕ್ಕಾಗಿ ಸಿದ್ಧವಾಯಿತು. ಅಕ್ಷರ ಬಾರದ ಹಳ್ಳಿಗರಿಗೂ ಗಣಕವು ನೆರವಾಗಬೇಕೆಂಬುದೇ ಅವರ ಆಶಯ. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯ ಸಹಯೋಗದಿಂದ ಅದು ಮಾರುಕಟ್ಟೆಗೆ ಬಂದರೂ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಆದರೆ, ಮೂಲಬರಹವು ಎಲ್ಲರಿಗೂ ತೆರೆದಿದ್ದರೆ ಅದನ್ನು ನಮ್ಮ ಅಗತ್ಯಕ್ಕೆ ಅಳವಡಿಸಿಕೊಳ್ಳಬಹುದೆಂಬುದನ್ನು ಆ ಸಾಹಸವು ತೋರಿಸಿಕೊಟ್ಟಿತು.

ಕತ್ತರಿಸುವುದು ಸುಲಭ, ಏನನ್ನು ಕತ್ತರಿಸಬೇಕೆಂದು ಅರಿಯುವುದು ಕಷ್ಟ. ಅಗತ್ಯವಾದ ಒಂದು ಡ್ರೈವರನ್ನು ಕೈಬಿಟ್ಟರೆ ಉಪಕರಣವು ಕಣ್ಣು ತೆರೆಯುವುದೇ ಇಲ್ಲ. ಮುಂದೆ ದೋಷವೊಂದು ಬೆಳಕಿಗೆ ಬಂದಾಗ ತಿದ್ದಲು ದಾರಿಯಿರದಿದ್ದರೆ, ಗೋಡೆಯ ಮೇಲಿನ ಪುಟ್ಟ ಪೆಟ್ಟಿಗೆಯೇ ಕಳ್ಳನಿಗೆ ಬಾಗಿಲಾದೀತು. ಆದುದರಿಂದ ಕರ್ನಲ್ಲನ್ನು ಹಗುರಗೊಳಿಸುವವನು ಮೊದಲು ಅದನ್ನು ಚೆನ್ನಾಗಿ ಓದಿ ತಿಳಿದಿರಬೇಕು. ಬಿಡುವುದಕ್ಕೂ ತಿಳಿವಳಿಕೆ ಬೇಕು.